ಹೂವಿನ ಔಷಧಿ

“ಡ್ರಮ್ಮಿಗೆ ಟಾರ್ಪಾಲು ಹೊದಿಸಿಬಿಟ್ರೆ ಅದು ಮಾಯ ಆಗ್ಬಿಡತ್ತಾ? ಹೇಳ್ರೀ!”

“ಮೆತ್ತಗೆ ಮಾತಾಡೇ. ಮೇಲೆ ಪೀಜಿ ಹುಡುಗ್ರು ಬಟ್ಟೆ ಒಣಗಾಕ್ತಾವ್ರೆ.”

“ಕೇಳಿಸ್ಕೊಳ್ಲಿ. ಇಡೀ ಕೊಡಿಗೇಹಳ್ಳಿ ಕೇಳಿಸ್ಕೊಳ್ಲಿ. ಅಲ್ಲಿ ಗಂಗಾದೇವಿ ಮೂತಿಗೆ ಆಕ್ಸಿಜನ್ ಹಾಕ್ಕೊಂಡು ಮಲಗಿದಾಳೆ, ನೀವಿಲ್ಲಿ ಡ್ರಮ್ಮಿಗೆ ಮುಸುಕು ಹಾಕ್ತಾ ನಿಂತಿದೀರಾ. ಡಾಕ್ಟ್ರಿಗೆ ಇದರ ಹೆಸರು ಹೇಳಿದ್ರೋ ಇಲ್ವೋ?”

“ಹೇಳಿದೀನಿ.”

“ಏನಂತ?”

ಅನಂತರಾಜು ಟಾರ್ಪಾಲಿನ ಹಗ್ಗ ಬಿಗಿಯುವ ನೆಪದಲ್ಲಿ ಹೆಂಡತಿಗೆ ಬೆನ್ನು ತಿರುಗಿಸಿದ.

“ಗಿಡಮೂಲಿಕೆ ಅಂದ್ರಿ, ಅಲ್ವಾ? ಬಾಟ್ಲಿ ಮೇಲೆ ನಾವೇ ಅಂಟಿಸಿರೋ ಚೀಟಿನ ಓದಿ ಬಂದ್ರಿ. ಮುನಿಯಣ್ಣ ಫೋನ್ ಮಾಡಿದ್ದ. ಪೊಲೀಸ್ನೋರು ಅವನನ್ನ ಕೂರಿಸ್ಕೊಂಡು ಕೇಳ್ತಿದಾರಂತೆ, ಮನೇಲಿ ಜಗಳ ಆಡಿ ಹೆಂಡ್ತಿಗೆ ಏನ್ ಕುಡಿಸ್ದೆ ಅಂತ. ಅಳ್ತಿದ್ದ ಕಣ್ರೀ, ಆ ಗಂಡಸು.”

“ನಾನೇನು ಕುಡಿಸಿದ್ನಾ?”

“ಕೈಗೆ ಎಣ್ಣೆ ಹಚ್ಕೊಂಡು ತುಂಬ್ರಿ ಅಂದೋರು ಯಾರು? ನಿಮ್ಮಪ್ಪನಾ?”

ಕೈಗೆ ಸಿಕ್ಕ ತಗಡಿನ ಲಾಳಿಕೆಯನ್ನು ಅವನು ಗೋಡೆಗೆ ಬೀಸಿದ. ಅದು ಗೋಡೆಗೆ ಬಡಿದು, ಕೊಟ್ಟಿಗೆಯ ಹಳೆಯ ಗೋದಲಿಯೊಳಗೆ ಜೋಡಿಸಿಟ್ಟಿದ್ದ ಖಾಲಿ ಬಾಟಲಿಗಳ ಮೇಲೆ ಬಿದ್ದು, ಬಾಟಲಿಗಳು ಒಂದರ ಹಿಂದೊಂದು ಉರುಳಿದವು. ಶಾಂತಲಾ ಬೆಚ್ಚಲಿಲ್ಲ. ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಸೋಪಿನ ಪುಡಿ ಸುರಿದುಕೊಂಡು ಮೊಣಕೈತನಕ ಉಜ್ಜಿಕೊಳ್ಳುತ್ತಲೇ ಇದ್ದಳು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಚರ್ಮ ಕೆಂಪಾಗಿತ್ತು. ಅವಳ ಉಗುರುಗಳ ಬಣ್ಣ ನೋಡಬಾರದೆಂದು ಅವನು ನೋಟವನ್ನು ಗೋಡೆಯ ಮೊಳೆಯ ಕಡೆಗೆ ಹೊರಳಿಸಿದ. ಅಲ್ಲಿ ರಬ್ಬರಿನ ಕೈಗವಸುಗಳು ಜೋತಾಡುತ್ತಿದ್ದವು. ಗವಸು ಹಾಕಿಕೊಂಡರೆ ಬಾಟಲಿಯ ಮುಚ್ಚಳ ಜಾರುತ್ತದೆ, ಕೆಲಸ ಸಾಗುವುದಿಲ್ಲ ಎಂದು ಬಾಟಲಿ ತುಂಬಲು ಬರುವ ಇಬ್ಬರು ಹೆಂಗಸರು ಗೊಣಗಿದಾಗ ಅವನಿಗೆ ಅವ್ವನ ನೆನಪಾಗಿತ್ತು. ಹಲಸಿನ ಹಣ್ಣು ಕೊಯ್ಯುವ ಮುಂಚೆ ಅವ್ವ ಎಲ್ಲರ ಕೈಗೂ ಎಣ್ಣೆ ಸವರುತ್ತಿದ್ದಳು. ಹಲಸಿನ ಅಂಟು ಎಣ್ಣೆ ಕೈಗೆ ಹತ್ತುವುದಿಲ್ಲ. ಈ ಹಳದಿ ದ್ರವವೂ ಅಂಥದೇ, ಹತ್ತಿದರೆ ಬಿಡುವುದಿಲ್ಲ, ಉಣ್ಣುವಾಗಲೂ ಬೆರಳಿನಿಂದ ವಾಸನೆ ಹೋಗುವುದಿಲ್ಲ. ಹರಳೆಣ್ಣೆ ಹಚ್ಚಿಕೊಳ್ಳಿ ಎಂದ. ದೊಡ್ಡದೊಂದು ಉಪಾಯ ಕಂಡುಹಿಡಿದವನ ಹಾಗೆ ಅವತ್ತು ಅವನಿಗೆ ಹೆಮ್ಮೆಯಾಗಿತ್ತು. ಹೆಂಗಸರು ನಕ್ಕಿದ್ದರು. “ಅಣ್ಣ, ಹಣ್ಣು ಎಲ್ಲಿ ತೋರ್ಸು, ಎಣ್ಣೆ ರೆಡಿ” ಎಂದು ಎರಡೂ ಕೈ ಚಾಚಿ ನಿಂತವಳು ಗಂಗಾದೇವಿಯೇ. ಕೊಟ್ಟಿಗೆಯೊಳಗೆಲ್ಲ ತುಂಬಿರುತ್ತಿದ್ದ ಆ ಬಾದಾಮಿಯಂಥ, ಬೂಟಿನ ಪಾಲಿಶಿನಂಥ ವಾಸನೆಯನ್ನು ಮೊದಲು ತಮಾಷೆ ಮಾಡಿದವಳೂ ಅವಳೇ: “ನಮ್ ಮನ್ಯಾಗೆ ಸಾರಿಗೆ ಬೇಳೆ ಇಲ್ದಿದ್ರೂ ನನ್ ಮೈಯೆಲ್ಲಾ ಬಾದಾಮಿ ಕಣಣ್ಣ.”

ಸ್ಕೂಟರ್ ತೆಗೆದ. ಹೇಳಿಯೇ ಬರುತ್ತೇನೆ ಎಂದು ಹೇಳಿ ಹೊರಟನೋ, ಸುಮ್ಮನೆ ಹೊರಟನೋ, ಕೊಡಿಗೇಹಳ್ಳಿ ರೈಲ್ವೆ ಗೇಟಿನ ಕೆಳಸೇತುವೆ ದಾಟುವಷ್ಟರಲ್ಲೇ ಅವನಿಗೆ ಮರೆತುಹೋಗಿತ್ತು. ಹೇಳುವುದು ಏನು ಮಹಾ. ನೈಟ್ರೋಬೆಂಜೀನ್ ಎಂದರೆ ಆಯಿತು. ಒಂದೇ ಶಬ್ದ. ದೊಡ್ಡಬಳ್ಳಾಪುರದ ಕಡೆಯ ಗುಲಾಬಿ, ಸೇವಂತಿಗೆ ತೋಟದವರಿಗೆಲ್ಲ ಗೊತ್ತಿರುವ ಶಬ್ದ. ಗಿಡಕ್ಕೆ ಹೊಡೆದರೆ ಮೊಗ್ಗು ಒತ್ತೊತ್ತಾಗಿ ಬರುತ್ತದೆ ಎನ್ನುತ್ತಾರೆ. ಡ್ರಮ್ಮಿನಲ್ಲಿ ಬಂದದ್ದನ್ನು ಸೋಪಿನಂಥ ದ್ರಾವಣಕ್ಕೆ ಬೆರೆಸಿ, ಬಾಟಲಿಗೆ ತುಂಬಿ, ತುಳಸಿ ಎಲೆಯ ಚಿತ್ರವಿರುವ ಚೀಟಿ ಅಂಟಿಸುವುದು, ಇಷ್ಟೇ ಅವನ ಕಾರ್ಖಾನೆ. ಡ್ರಮ್ಮಿನ ಮೇಲಿದ್ದ ತಲೆಬುರುಡೆಯ ಚಿತ್ರವನ್ನು ಅವನೇ ಉಗುರಿನಿಂದ ಕೆರೆದು ತೆಗೆದಿದ್ದ, ಹೆಂಗಸರು ಹೆದರುತ್ತಾರೆ ಎಂದು. ನಿನ್ನೆ ರಾತ್ರಿ ಆಸ್ಪತ್ರೆಯಲ್ಲಿ ಗಡ್ಡ ಬಿಟ್ಟ ಒಬ್ಬ ಎಳೆಯ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಕೇಳಿದ್ದ. ಅನಂತರಾಜುವಿಗೆ ಪೂರ್ತಿ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಪಕ್ಕದಲ್ಲಿ ನಿಂತ ಮುನಿಯಣ್ಣನ ಎದುರು ಹೇಳಲಾಗಲಿಲ್ಲ. ಮುನಿಯಣ್ಣ ಅವನನ್ನು ಅಣ್ಣ ಎನ್ನುವವನು, ಅವನ ಕಾರ್ಖಾನೆ ಎಂದರೆ ಓದಿದವರ ವಿದ್ಯೆ ಎಂದು ನಂಬಿದವನು. “ಹರ್ಬಲ್, ಸಾರ್” ಎಂದುಬಿಟ್ಟ. ಡಾಕ್ಟರು ಅವನ ಮುಖವನ್ನೂ ನೋಡದೆ ಬರೆದುಕೊಂಡ. ಅಲ್ಲಿಗೆ ಆಯಿತು. ಬಾಯಿಂದ ಬಿದ್ದ ಮಾತಿನ ಮೇಲೆ ಇನ್ನೊಬ್ಬರು ಚಿಕಿತ್ಸೆ ಶುರುಮಾಡಿಬಿಟ್ಟರೆ ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಮುಂದಿನ ಕಾರು ದಿಢೀರನೆ ನಿಂತಿತು. ಅವನು ಬ್ರೇಕು ಒತ್ತಿ, ಯಾರಿಗೂ ಕೇಳಿಸದಿದ್ದರೂ ಕಾರಿನವನನ್ನು ಅವನಮ್ಮನ ಸಮೇತ ಬೈದ. ಬೈದದ್ದರಿಂದ ಒಂದು ಗಳಿಗೆ ಹಗುರವಾಯಿತು.

ಆದರೆ ಕಷ್ಟ ಆ ಹೆಸರಿನದಲ್ಲ. ಹೆಬ್ಬಾಳದ ಕಡೆಗೆ ಸರ್ವೀಸ್ ರಸ್ತೆಯಲ್ಲಿ ಬಸ್ಸುಗಳ ಹೊಗೆಯ ನಡುವೆ ನುಸುಳುತ್ತಿರುವಾಗ ಅವನು ಅದನ್ನು ತನಗೆ ತಾನೇ ಒಪ್ಪಿಕೊಂಡ, ಮತ್ತೆ ಕೂಡಲೇ ಬೇರೇನೋ ಯೋಚಿಸತೊಡಗಿದ. ನಿನ್ನೆ ಮಧ್ಯಾಹ್ನ ಶಾಂತಲಾ ಅಡುಗೆಗೆಂದು ಒಳಗೆ ಹೋಗಿದ್ದಳು. ಇನ್ನೊಬ್ಬ ಹೆಂಗಸು ಬಂದಿರಲಿಲ್ಲ. ಡ್ರಮ್ಮಿನಿಂದ ಕ್ಯಾನಿಗೆ ಇಳಿಸುವ ಪ್ಲಾಸ್ಟಿಕ್ ಪೈಪು ಕಿತ್ತುಕೊಂಡು ಹಾವಿನ ಹಾಗೆ ಎದ್ದು, ಬಗ್ಗಿದ್ದ ಗಂಗಾದೇವಿಯ ತಲೆಯ ಮೇಲೆ ಚಿಮ್ಮಿತು. ತಲೆ, ಕತ್ತು, ಉದ್ದ ಜಡೆ, ಎಲ್ಲ ನೆನೆಯಿತು. ಕಣ್ಣಿಗೆ ಬೀಳಲಿಲ್ಲ ಸದ್ಯ ಎಂದು ಇಬ್ಬರೂ ನಕ್ಕರು. “ಅಣ್ಣ, ಮನೆಗೋಗಿ ತಲೆ ಮ್ಯಾಲ್ ನೀರುಯ್ಕೊಂಡ್ ಬತ್ತೀನಿ” ಎಂದಳು ಅವಳು. ಸಂಜೆಗೆ ಬಾಟಲಿ ಒಯ್ಯುವ ಗಾಡಿ ಬರುವುದಿತ್ತು. “ನಿನ್ ಜಡೆ ಒಣಗೋಷ್ಟ್ರಲ್ಲಿ ದೀಪಾವಳಿ ಬರ್ತದೆ. ತಗೋ, ಎಣ್ಣೆ ಒತ್ಕೊಂಡು ಬಿಗಿಯಾಗಿ ಕಟ್ಕೋ, ಉರಿ ಹೋಗ್ತದೆ” ಎಂದು ಹರಳೆಣ್ಣೆ ಸೀಸೆಯನ್ನು ಅವನೇ ಅವಳ ಅಂಗೈಗೆ ಬಗ್ಗಿಸಿದ್ದ. ಅವಳು ನೆತ್ತಿಗೆ ತಟ್ಟಿಕೊಂಡಳು, ಜಡೆಯ ತುದಿಯವರೆಗೂ ನೀವಿಕೊಂಡಳು, ಸೆರಗು ಸಿಕ್ಕಿಸಿ ಮತ್ತೆ ಕೂತಳು. ಸಂಜೆ ತಲೆನೋವು ಎಂದಳು. ತುಟಿ ನೋಡಿದರೆ ಕಪ್ಪು ಮಿಶ್ರಿತ ನೀಲಿ. ಅವನು ಏನು ಮಾಡಿದ? “ಏನಮ್ಮಿ, ನೇರಳೆ ಹಣ್ಣು ತಿಂದಿದೀಯಾ ಯಾರ್ಗೂ ಕೊಡ್ದೆ?” ಎಂದ. ಅವಳು ನಗಲು ಹೋಗಿ ಬಾಗಿಲ ಕಂಬ ಹಿಡಿದುಕೊಂಡು ಜಾರಿದಳು.

ನೇರಳೆ ಹಣ್ಣು. ಆ ಮಾತು ಅವನದಲ್ಲ. ಹರೆಯದಲ್ಲಿ ಯಶವಂತಪುರದ ಆಚೆ ಒಂದು ಬಣ್ಣದ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದಾಗ ಕೇಳಿದ ಮಾತು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ದೊಡ್ಡ ಕಡಾಯಿಯಂಥ ಪಾತ್ರೆಗೆ ಇದೇ ನೈಟ್ರೋಬೆಂಜೀನ್ ಸುರಿದು, ಕಬ್ಬಿಣದ ಪುಡಿ, ಆಸಿಡ್ಡು ಹಾಕಿ ತಿರುವುತ್ತಿದ್ದರು. ಕೊನೆಗೆ ಬಣ್ಣಕ್ಕೆ ಬೇಕಾದ ಎಣ್ಣೆಯಂಥದ್ದು ಮೇಲೆ ಬಂದು, ತಳದಲ್ಲಿ ಕರಿಗೆಂಪು ಕೆಸರು ಉಳಿಯುತ್ತಿತ್ತು. ಆ ಕೆಸರನ್ನು ಸಲಿಕೆಯಲ್ಲಿ ಎತ್ತುವುದು ಅನಂತರಾಜುವಿನ ಕೆಲಸ. ಕೆಮಿಸ್ಟ್ ರಘುನಾಥ್ ಸಿಗರೇಟು ಸೇದುತ್ತ ಒಂದು ಸಲ ವಿವರಿಸಿದ್ದರು: “ನೈಟ್ರೋ ಅನ್ನೋದು ಆಕ್ಸಿಜನ್ ಹೊತ್ಕೊಂಡು ತಿರುಗೋ ಜಾತಿ ಕಣೋ. ಅದನ್ನ ಕಿತ್ಕೊಳ್ಳೋಕೆ ಕಬ್ಬಿಣ ಬೇಕು. ಕಿತ್ಕೊಂಡ ಕಬ್ಬಿಣ ತುಕ್ಕಾಗತ್ತೆ. ಚರ್ಮದಿಂದ ಮೈಯೊಳಗೆ ಇಳಿದ್ರೂ ಕಥೆ ಹೆಚ್ಚುಕಮ್ಮಿ ಹೀಗೇನೇ. ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಅದು ಕೆಟ್ಟುಹೋಗತ್ತೆ. ಉಸಿರು ಹೊರಬೇಕಾದ ರಕ್ತ ಬರೀ ಕಂದು ನೀರಾಗತ್ತೆ.” ಒಂದು ದಿನ ಬ್ಯಾಟರಾಯಪ್ಪ ಎಂಬ ಆಳು ಕಾಲಿನ ಮೇಲೆ ಕ್ಯಾನು ಚೆಲ್ಲಿಕೊಂಡು, ನೆನೆದ ಪ್ಯಾಂಟಿನಲ್ಲೇ ಪಾಳಿ ಮುಗಿಸಿದ. ತುಟಿ ನೀಲಿಯಾಗಿತ್ತು. ಗೇಟಿನ ಹತ್ತಿರ ಎಲ್ಲರೂ ಸೇರಿ “ಏನ್ಲಾ, ನೇರಳೆ ಹಣ್ಣಾ?” ಎಂದು ಚುಡಾಯಿಸಿದರು. ಅವನು ಸಾರಾಯಿ ಅಂಗಡಿಗೆ ಹೋಗಿ ಅಲ್ಲೇ ಬೆಂಚಿನ ಮೇಲೆ ಸತ್ತ. ಹೆಂಡ ಕುಡಿದು ಸತ್ತ ಎಂದು ಬರೆದುಕೊಂಡರು. ಅನಂತರಾಜುವಿಗೆ ಎಲ್ಲ ಗೊತ್ತಿತ್ತು. ಅವನನ್ನು ಈಗ ಸುಡುತ್ತಿದ್ದದ್ದು ಅದೇ. ಗೊತ್ತಿಲ್ಲದವನು ಮಾಡಿದ್ದರೆ ಅದು ತಪ್ಪು. ಗೊತ್ತಿದ್ದೂ, ಆ ತುಟಿಯನ್ನು ಮುಂಚೆ ಕಂಡಿದ್ದೂ, ಅದೇ ಮಾತನ್ನು ಬಾಯಿ ತಾನಾಗಿ ಆಡಿತಲ್ಲ, ಅದಕ್ಕೆ ಏನೆನ್ನಬೇಕು?

ಆಸ್ಪತ್ರೆಯ ಎರಡನೆಯ ಮಹಡಿಯ ಕಾರಿಡಾರಿನಲ್ಲಿ ಮುನಿಯಣ್ಣ ಚಪ್ಪಲಿ ಬಿಚ್ಚಿ, ಕುರ್ಚಿಯ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಪೇದೆ ಮೊಬೈಲು ನೋಡುತ್ತಿದ್ದ. ಅನಂತರಾಜುವನ್ನು ಕಂಡು ಮುನಿಯಣ್ಣ ದಡಕ್ಕನೆ ಎದ್ದು ಅವನ ಎರಡೂ ಕೈ ಹಿಡಿದುಕೊಂಡ.

“ಬಂದಾ ಅಣ್ಣಾ. ಇವ್ರಿಗೊಂದ್ ಮಾತೇಳಣ್ಣ. ನಾನು ಒಡ್ದೋನಾ? ಬಯ್ದೋನಾ? ಬೆಳ್ಗಿಂದ ಅದನ್ನೇ ತಿರ್ಗಿಸ್ ತಿರ್ಗಿಸ್ ಕೇಳ್ತಾವ್ರೆ.”

“ಏನಯ್ಯಾ, ನಾವೇನು ನಿನ್ನ ನೇಣಿಗೆ ಹಾಕ್ತಿದೀವಾ?” ಪೇದೆ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ. “ಹೆಂಗಸು ವಿಷ ತಗೊಂಡಿದೆ ಅಂದ್ರೆ ಗಂಡನ್ನ ಕೇಳ್ದೆ ಇನ್ಯಾರ್ನ ಕೇಳಣ? ನೀವ್ಯಾರ್ ಸಾರ್?”

“ನಮ್ ಓನರ್ರು ಸಾ. ದೊಡ್ಡ ಮನಸ್ನೋರು. ನಿನ್ನೆ ಇವ್ರೇ ಕಾರ್ ಮಾಡ್ಕೊಂಡ್ ಕರ್ಕೊಂಬಂದಿದ್ದು. ಇವ್ರಿಲ್ದಿದ್ರೆ ಓಗೇಬಿಡೋಳು.”

ದೊಡ್ಡ ಮನಸ್ಸು. ಮುನಿಯಣ್ಣನ ಅಂಗೈ ಬೆವರಿತ್ತು. ಅನಂತರಾಜು ತನ್ನ ಕೈ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಒಂದು ಕ್ಷಣ ಅವನಿಗೆ ಈ ಮನುಷ್ಯನ ಕೆನ್ನೆಗೆ ಬಾರಿಸಬೇಕೆನಿಸಿತು. ಯಾಕೆ ಇಷ್ಟು ನಂಬುತ್ತಾನೆ ಇವನು? ಒಂದು ಸಲ ಅನುಮಾನದಿಂದ ನೋಡಿದರೆ, ನಿನ್ನ ಕೊಟ್ಟಿಗೆಯಲ್ಲಿ ಏನಿದೆಯಯ್ಯಾ ಎಂದು ಕೊರಳಪಟ್ಟಿ ಹಿಡಿದರೆ, ತಾನು ಕೂಗಾಡಿ, ಜಗಳ ಆಡಿ, ಜಗಳದ ಮಧ್ಯೆ ಎಲ್ಲವನ್ನೂ ಕಾರಿಕೊಂಡುಬಿಡಬಹುದಿತ್ತು. ಜಗಳ ಅವನಿಗೆ ಬರುತ್ತಿತ್ತು. ಹೀಗೆ ಕೈ ಹಿಡಿದುಕೊಂಡವನಿಗೆ ಹೇಳುವುದು ಬರುತ್ತಿರಲಿಲ್ಲ.

ಬಾಗಿಲು ತೆರೆದು ಡಾಕ್ಟರ್ ನಂದಿತಾ ಹೊರಗೆ ಬಂದಳು. ಬೆಳಗಿನ ಪಾಳಿಯವಳು, ಸಣ್ಣ ಮುಖ, ನಿದ್ದೆಗೆಟ್ಟ ಕಣ್ಣು. ಕನ್ನಡದಲ್ಲೇ ಮಾತಾಡಿದಳು. ಅದು ಅವನಿಗೆ ಇನ್ನೂ ಕಷ್ಟವಾಯಿತು.

“ನೀವೇ ಅಲ್ವಾ ಇವರಿಗೆ ಕೆಲಸ ಕೊಟ್ಟಿರೋದು? ನೋಡಿ, ರಾತ್ರಿ ಇದ್ದೋರು ಇವರು ಮನೇಲಿ ಕೀಟನಾಶಕ ಕುಡಿದಿದಾರೆ ಅಂದ್ಕೊಂಡಿದ್ರು. ಅದಲ್ಲ. ರಕ್ತ ತೆಗೆದ್ರೆ ಚಾಕೊಲೇಟ್ ಬಣ್ಣ ಬಂತು. ಬೆಳಿಗ್ಗೆ ಅದಕ್ಕಿರೋ ಇಂಜೆಕ್ಷನ್ ಕೊಟ್ಟೆ, ತುಟಿ ಕೆಂಪಾಯ್ತು, ಮಾತೂ ಆಡಿದ್ರು. ಈಗ ಮತ್ತೆ ನೀಲಿ ತಿರುಗ್ತಿದೆ. ಅಂದ್ರೆ ಅದೇನಿದ್ಯೋ ಅದು ಇನ್ನೂ ಒಳಗೆ ಹೋಗ್ತಾನೇ ಇದೆ. ಎಲ್ಲಿಂದ ಅಂತ ನನಗೆ ಗೊತ್ತಾಗ್ಬೇಕು. ಇಂಜೆಕ್ಷನ್ ಕೊಡ್ತಾನೇ ಹೋಗೋಕಾಗಲ್ಲ, ಹೆಚ್ಚಾದ್ರೆ ಅದೂ ವಿಷಾನೇ. ನಿಮ್ಮಲ್ಲಿ ಏನು ಕೆಲಸ ಇವರಿಗೆ?”

“ಬಾಟ್ಲಿ ತುಂಬೋದು, ಮೇಡಂ.”

“ಏನನ್ನ?”

“ಹೂವಿನ ಔಷಧಿ.”

“ಅದರಲ್ಲೇನಿದೆ?”

ಪೇದೆ ಈಗ ಮೊಬೈಲು ಕೆಳಗಿಳಿಸಿದ್ದ. ಮುನಿಯಣ್ಣ ಬಾಯಿ ತೆರೆದು ಅವನ ಮುಖವನ್ನೇ ನೋಡುತ್ತಿದ್ದ, ಪುಣ್ಯದ ಮಾತು ಬೀಳುತ್ತದೆ ಎಂಬಂತೆ. ಶಬ್ದ ನಾಲಿಗೆಯ ಮೇಲೆ ಬಂದು ನಿಂತಿತು. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಮೈಮೇಲೆ ಎಲ್ಲಿ ಬಿತ್ತು? ತಲೆಯ ಮೇಲೆ. ತೊಳೆಸಲಿಲ್ಲವೇ? ಇಲ್ಲ. ಯಾಕೆ?

“ಹರ್ಬಲ್ಲೇ, ಮೇಡಂ” ಎಂದ.

ಡಾಕ್ಟರು ಅದನ್ನು ಬರೆದುಕೊಳ್ಳಲಿಲ್ಲ. ನಂಬಲಿಲ್ಲ ಎನ್ನುವುದು ಗೊತ್ತಾಯಿತು. “ಒಂದ್ಸಲ ಒಳಗೆ ಬಂದು ಅವರನ್ನ ನೋಡಿ. ಆಮೇಲೆ ಇನ್ನೇನಾದ್ರೂ ನೆನಪಾಗತ್ತಾ ನೋಡೋಣ” ಎಂದು ಬಾಗಿಲು ಹಿಡಿದಳು.

ಗಂಗಾದೇವಿ ಆಸ್ಪತ್ರೆಯ ಹಸಿರು ಅಂಗಿಯಲ್ಲಿದ್ದಳು. ಸೀರೆ ಬಿಚ್ಚಿ ಚೀಲಕ್ಕೆ ಹಾಕಿದ್ದರು, ಕೈಕಾಲು ಒರೆಸಿದ್ದರು. ಆಕ್ಸಿಜನ್ ಮಾಸ್ಕಿನೊಳಗೆ ತುಟಿ ಸೀಸದ ಬಣ್ಣದಲ್ಲಿತ್ತು. ಕಣ್ಣು ಅರೆ ತೆರೆದಿತ್ತು. ಅವನನ್ನು ಗುರುತಿಸಿತೋ ಇಲ್ಲವೋ, ಹುಬ್ಬು ಮಾತ್ರ ಸ್ವಲ್ಪ ಮೇಲೆದ್ದಿತು, ಕೊಟ್ಟಿಗೆಗೆ ಅವನು ಬಂದಾಗಲೆಲ್ಲ ಏಳುತ್ತಿದ್ದ ಹಾಗೆ. ಅವನು ಹತ್ತಿರ ಬಗ್ಗಿದ. ಬಗ್ಗಿದ್ದೇ ಆ ವಾಸನೆ ಹೊಡೆಯಿತು. ದಿಂಬಿನ ಮೇಲೆ, ಅವಳ ಕತ್ತಿನ ಕೆಳಗೆ, ಎಣ್ಣೆಯಲ್ಲಿ ಮಿರುಗುವ ದಪ್ಪ ಜಡೆ ಸುರುಳಿಯಾಗಿ ಮಲಗಿತ್ತು. ಯಾರೂ ಅದನ್ನು ಬಿಚ್ಚಿರಲಿಲ್ಲ. ಎಣ್ಣೆ ಕುಡಿದ ಕೂದಲು ರಾತ್ರಿಯಿಡೀ, ಬೆಳಗಿನಿಂದ, ಈಗಲೂ, ಹನಿ ಹನಿಯಾಗಿ ಅವಳ ನೆತ್ತಿಯೊಳಕ್ಕೆ, ಕತ್ತಿನೊಳಕ್ಕೆ ಎಣ್ಣೆಯಲ್ಲಿ ಕರಗಿ ಕೂತಿದ್ದ ಆ ನೈಟ್ರೋವನ್ನೇ ಉಣಿಸುತ್ತಿತ್ತು.

“ಏನು ತಲೆಗೆಣ್ಣೆ ಹಾಕ್ತಾರೋ ಇವರು,” ಸಲಾಯಿನ್ ಬಾಟಲಿ ಬದಲಾಯಿಸುತ್ತಿದ್ದ ನರ್ಸು ಹೇಳಿದಳು, “ಬಾದಾಮಿ ಹಲ್ವಾ ಥರ ಘಮಘಮ.”

ತಲೆ ತೊಳೀರಿ. ಎರಡೇ ಮಾತು. ಕೆಮಿಸ್ಟ್ರಿ ಬೇಡ, ಲೈಸೆನ್ಸ್ ಬೇಡ, ಡ್ರಮ್ಮಿನ ಸುದ್ದಿಯೇ ಬೇಡ. ಮನೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಸಿಸ್ಟರ್, ಆ ತಲೆ ಒಂಚೂರು ತೊಳೀರಿ ಎಂದರೆ ಸಾಕು. ಅವನು ಬಾಯಿ ತೆರೆದ. ಡಾಕ್ಟರ್ ನಂದಿತಾ ಮಂಚದ ಆಚೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು, ಹಳೆಯ ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಉತ್ತರಕ್ಕೆ ಕಾಯುತ್ತಿದ್ದ ಹಾಗೆ, ಮತ್ತು ಉತ್ತರ ಗೊತ್ತಿದ್ದ ದಿನವೂ ಅವನು ಹೀಗೆಯೇ ಬೆವೆತು ನಿಲ್ಲುತ್ತಿದ್ದ, ಬೆಂಚುಗಳೆಲ್ಲ ಕಿಸಕ್ಕೆನ್ನುವವರೆಗೆ. ಅವನಿಗೆ ಸಿಟ್ಟು ಬಂತು. ಈ ಹುಡುಗಿಯ ಮೇಲೆ, ನರ್ಸಿನ ಮೂಗಿನ ಮೇಲೆ, ತನಗೊಂದು ದಿನವೂ ಎದುರಾಡದ ಗಂಗಾದೇವಿಯ ಮೇಲೆ. ಹೋಗಿ ನೀರು ಹುಯ್ದುಕೊಂಡು ಬರಬಾರದಿತ್ತೇ ಇವಳು? ಅಣ್ಣ ಬೇಡ ಎಂದರೆ ಏನಂತೆ, ಕಾಲಿರಲಿಲ್ಲವೇ? ಆ ಯೋಚನೆಯ ಹೊಲಸು ಅವನಿಗೇ ತಟ್ಟಿತು. ಮೂಗು ಹಿಡಿದುಕೊಂಡವನ ಹಾಗೆ ಕರ್ಚೀಫು ಮುಖಕ್ಕೊತ್ತಿಕೊಂಡ.

“ಏನಾದ್ರೂ ನೆನಪಾಯ್ತಾ?”

“ಗಾಡೀಲಿ ಒಂದು ಬಾಟ್ಲಿ ಇದೆ ಮೇಡಂ. ತಂದು ತೋರಿಸ್ತೀನಿ.”

ಗಾಡಿಯಲ್ಲಿ ಬಾಟಲಿ ಇರಲಿಲ್ಲ. ಕಾರಿಡಾರಿನಲ್ಲಿ ಮುನಿಯಣ್ಣ “ಅಣ್ಣಾ, ಎಲ್ಲಿಗೆ?” ಎಂದ. “ಬಂದೆ ಇರು” ಎಂದು ಅವನು ಮೆಟ್ಟಿಲಿಳಿದ.

ಕೆಳಗೆ, ಗಾಲಿ ಕುರ್ಚಿ ತಳ್ಳುವ ಇಳಿಜಾರಿನಲ್ಲಿ, ಆಟೋದಿಂದ ಇಳಿದ ಶಾಂತಲಾ ಎದುರಾದಳು. ಮನೆಯ ಸೀರೆಯಲ್ಲೇ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಡ್ರಮ್ಮಿನ ಜೊತೆ ಬಂದಿದ್ದ ಇಂಗ್ಲಿಷ್ ಕಾಗದ ಮತ್ತು ಒಂದು ಬಾಟಲಿ. ಬಿಸಿಲಿನಲ್ಲಿ ಅವಳ ತುಟಿಯ ಅಂಚೂ ಸ್ವಲ್ಪ ಮಂಕಾಗಿ ಕಂಡಿತು, ಅಥವಾ ಹಾಗೆ ಕಂಡಿತೆಂದು ಅವನು ಹೆದರಿದ.

“ಹೇಳಿದ್ರಾ?”

ಅವನು ಕವರಿನೊಳಗಿನ ಬಾಟಲಿಯನ್ನೇ ನೋಡಿದ.

“ಪಕ್ಕಕ್ಕೆ ಸರೀರಿ” ಎಂದು ಅವಳು ಅವನನ್ನು ದಾಟಿ ಹೋದಳು. ಕೂಗಲಿಲ್ಲ, ಬೈಯಲಿಲ್ಲ. ಲಿಫ್ಟಿನ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.

ಅವನು ಇಳಿಜಾರು ಇಳಿದ. ನಾಚಿಕೆಯಾಗುವಷ್ಟು ಸಮಾಧಾನ. ಹೇಳುವವರು ಹೇಳುತ್ತಾರೆ ಇನ್ನು. ಹೆಸರು ತಿಳಿಯುತ್ತದೆ, ಪೇದೆ ಮುನಿಯಣ್ಣನನ್ನು ಬಿಡುತ್ತಾನೆ, ಡಾಕ್ಟರು ಮಾಡುವುದನ್ನು ಮಾಡುತ್ತಾಳೆ. ಕೊಟ್ಟಿಗೆಗೆ ಬೀಗ ಬೀಳುತ್ತದೆ, ಬೀಳಲಿ. ಗೇಟಿನತ್ತ ನಡೆಯುತ್ತಿರುವಾಗ ಅವನಿಗೆ ಹೊಳೆಯಿತು: ಶಾಂತಲಾಗೆ ಜಡೆಯ ವಿಷಯ ಗೊತ್ತಿಲ್ಲ. ಅವಳು ಒಳಗೆ ಒಗ್ಗರಣೆ ಹಾಕುತ್ತಿದ್ದಳು. ಅವಳಿಗೆ ಗೊತ್ತಿರುವುದು ಕೈಗೆ ಹಚ್ಚುವ ಎಣ್ಣೆ ಮಾತ್ರ. ಕೈ ಎನ್ನುತ್ತಾಳೆ, ಅವರು ಕೈಯನ್ನೇ ಮತ್ತೆ ತೊಳೆಯುತ್ತಾರೆ. ಹೆಸರು ಗೊತ್ತಾದ ಮೇಲೆ ಡಾಕ್ಟರೇ ಹುಡುಕುತ್ತಾಳೆ, ಓದಿದವಳು, ಮೂಗಿಲ್ಲವೇ ಅವಳಿಗೆ, ಎಂದುಕೊಂಡ. ನರ್ಸಿಗೂ ಮೂಗಿತ್ತು. ಅವನು ನಿಂತ. ತಿರುಗಿದ. ಇಳಿಜಾರು ಹತ್ತಿ ಬಾಗಿಲವರೆಗೂ ಬಂದ.

“ಪಾಸ್ ಇದೆಯಾ ಸಾರ್?” ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ. “ಪಾಸ್ ಇದ್ರೆ ಮಾತ್ರ ಮೇಲೆ.”

ನಿನ್ನೆ ರಾತ್ರಿ ಆಸ್ಪತ್ರೆಯವರು ಕೊಟ್ಟಿದ್ದ ಪಾಸು ಅವನ ಅಂಗಿಯ ಜೇಬಿನಲ್ಲೇ ಇತ್ತು. ಬೆರಳಿಗೆ ಅದರ ಅಂಚು ತಗಲುತ್ತಿತ್ತು.

“ಇಲ್ಲ” ಎಂದ ಅನಂತರಾಜು.

“ಹಂಗಾದ್ರೆ ಸಂಜೆ ಬನ್ನಿ.”

“ಆಯ್ತು” ಎಂದು ಅವನು ಹೊರಗೆ ಬಂದ. ಸ್ಕೂಟರಿನ ಹತ್ತಿರ ಹೋಗಲಿಲ್ಲ. ಜೇಬಿನೊಳಗೆ ಫೋನು ಅದುರತೊಡಗಿತು, ನಿಂತಿತು, ಮತ್ತೆ ಅದುರಿತು. ಯಾರದೆಂದು ನೋಡದೆ ಅವನು ಮೇಲ್ಸೇತುವೆಯ ಕೆಳಗಿನ ನೆರಳಿಗೆ ಇಳಿದು, ಬಸ್ಸಿಗೆ ಓಡುವವರ ನಡುವೆ ಸೇರಿ, ಮನೆಯ ದಿಕ್ಕೂ ಅಲ್ಲದ, ಆಸ್ಪತ್ರೆಯ ದಿಕ್ಕೂ ಅಲ್ಲದ ಕಡೆಗೆ ನಡೆಯತೊಡಗಿದ.